ಕಂದು ಲಕೋಟೆಯ ಸಂಪಾದಕಿ

ಟೈಪ್‌ರೈಟರಿನ ರಿಬ್ಬನ್ ಪಕ್ಕಕ್ಕೆ ಸರಿಸಿ, ಮೇಣ ಬಳಿದ ಸ್ಟೆನ್ಸಿಲ್ ಹಾಳೆಯನ್ನು ಉರುಳೆಗೆ ಸಿಕ್ಕಿಸಿ ಕೀಲಿ ಒತ್ತಿದರೆ ಅಕ್ಷರ ಬರೆದಂತಾಗುವುದಿಲ್ಲ, ಕೊರೆದಂತಾಗುತ್ತದೆ. ಮೆಲ್ಲಗೆ ಒತ್ತಿದರೆ ಮೇಣ ಬಿಡುವುದಿಲ್ಲ. ಜೋರಾಗಿ ಕುಟ್ಟಿದರೆ ಇಂಗ್ಲಿಷಿನ ‘ಓ’ ಅಕ್ಷರದ ಹೊಟ್ಟೆಯೇ ಉದುರಿಹೋಗಿ, ಅಚ್ಚಾದಾಗ ಅಲ್ಲೊಂದು ಕಪ್ಪು ಬೊಟ್ಟು ಕೂರುತ್ತದೆ. ತಪ್ಪಾದರೆ ಉಗುರುಬಣ್ಣದಂಥ ದ್ರವವನ್ನು ಅದರ ಮೇಲೆ ಹಚ್ಚಿ, ಊದಿ ಒಣಗಿಸಿ, ಅದೇ ಜಾಗಕ್ಕೆ ಗುರಿಯಿಟ್ಟು ಮತ್ತೆ ಹೊಡೆಯಬೇಕು. ಆಮೇಲೆ ಆ ಹಾಳೆಯನ್ನು ಮಸಿ ತುಂಬಿದ ಉರುಳೆಗೆ ಸುತ್ತಿ ಹಿಡಿಕೆ ತಿರುಗಿಸುತ್ತಾ ಹೋದರೆ ಒಂದೊಂದೇ ಪುಟ ಹೊರಬೀಳುತ್ತದೆ. ನಮ್ಮಲ್ಲಿ ಶಾಲೆಯ ಪ್ರಶ್ನೆಪತ್ರಿಕೆ, ಯೂನಿಯನ್ನುಗಳ ಕರಪತ್ರ ಕಂಡ ತಲೆಮಾರಿಗೆ ಸೈಕ್ಲೋಸ್ಟೈಲ್ ಎಂದರೆ ಸಾಕು, ಮಸಿಯ ವಾಸನೆಯೇ ಮೂಗಿಗೆ ಬಡಿಯುತ್ತದೆ.

1956ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಸ್ಟ್ರೀಟಿನ 693ನೇ ನಂಬರಿನ ಕಟ್ಟಡದಲ್ಲಿ ಹಾಗೆ ಹೊರಬಿದ್ದ ಪತ್ರಿಕೆಯ ಹೆಸರು ‘ದಿ ಲ್ಯಾಡರ್’. ಯಂತ್ರ ಪತ್ರಿಕೆ ಹೊರತಂದ ಹೆಂಗಸರದಲ್ಲ. ಮ್ಯಾಟಶೀನ್ ಸೊಸೈಟಿ ಎಂಬ ಸಲಿಂಗಿ ಗಂಡಸರ ಸಂಘಟನೆಯ ಕಚೇರಿಯದು, ಬಳಸಿಕೊಳ್ಳಲು ಕೊಟ್ಟದ್ದು. ಅಚ್ಚಾದದ್ದು 175 ಪ್ರತಿ. ಮುಖಪುಟದಲ್ಲಿ ಮೋಡದೊಳಕ್ಕೆ ಏರಿಹೋಗುವ ಒಂದು ಏಣಿಯ ರೇಖಾಚಿತ್ರ. ಪುಟಗಳನ್ನು ಕೈಯಿಂದಲೇ ಮಡಚಿ, ಪಿನ್ ಹೊಡೆದು, ಹೊರಗೆ ಏನೂ ಬರೆಯದ ಕಂದು ಲಕೋಟೆಗಳಲ್ಲಿ ತುಂಬಿ ಅಂಚೆಗೆ ಹಾಕಿದರು. ಒಳಪುಟದಲ್ಲಿ ಸಂಪಾದಕಿಯ ಹೆಸರು ಆನ್ ಫರ್ಗ್ಯುಸನ್ ಎಂದಿತ್ತು.

ಆನ್ ಫರ್ಗ್ಯುಸನ್ ಎಂಬುವರು ಇರಲೇ ಇಲ್ಲ. ಇದ್ದದ್ದು ಫಿಲಿಸ್ ಲಯಾನ್, ಮೂವತ್ತೊಂದರ ಹರೆಯದ ಪತ್ರಕರ್ತೆ.

ಸಲಿಂಗಿಗಳ ಪತ್ರಿಕೆ ಶುರುಮಾಡಿದ ಆ ಕಾಲದ ಬಹುತೇಕ ಮಂದಿಗೆ ಪತ್ರಿಕೋದ್ಯಮ ಗೊತ್ತಿರಲಿಲ್ಲ. ಲಾಸ್ ಏಂಜಲೀಸಿನಲ್ಲಿ 1947ರಲ್ಲಿ ‘ವೈಸ್ ವರ್ಸಾ’ ಎಂಬ ಪುಟ್ಟ ಪತ್ರಿಕೆಯನ್ನು ಕಾರ್ಬನ್ ಪ್ರತಿಗಳಲ್ಲೇ ಹೊರತಂದಾಕೆ ಸಿನಿಮಾ ಸ್ಟುಡಿಯೋ ಒಂದರ ಟೈಪಿಸ್ಟ್. ಫಿಲಿಸ್ ಹಾಗಲ್ಲ. 1924ರಲ್ಲಿ ಓಕ್ಲಹೋಮಾದ ಟಲ್ಸಾದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಬೆಳೆದು, ಬರ್ಕ್ಲಿಯಲ್ಲಿ 1946ರಲ್ಲಿ ಪತ್ರಿಕೋದ್ಯಮದ ಪದವಿ ಪಡೆದವರು. ಅಲ್ಲಿನ ವಿದ್ಯಾರ್ಥಿಗಳ ದಿನಪತ್ರಿಕೆಯಲ್ಲಿ ದುಡಿದು, ಚೀಕೋ ಎಂಬ ಊರಿನ ಪತ್ರಿಕೆಯಲ್ಲಿ ವರದಿಗಾರ್ತಿಯಾಗಿ, ಅಲ್ಲಿಂದ ಉತ್ತರದ ಸಿಯಾಟಲಿಗೆ ಹೋಗಿ ಕಟ್ಟಡ ಗುತ್ತಿಗೆದಾರರು ಓದುವ ಒಂದು ವ್ಯಾಪಾರಿ ಪತ್ರಿಕೆಯನ್ನು ಸೇರಿದರು. ಸಿಮೆಂಟು, ಸೇತುವೆ, ಟೆಂಡರುಗಳ ಸುದ್ದಿ. ಹೆಂಗಸು ವರದಿಗಾರ್ತಿಗೆ ಅಂದು ದೊಡ್ಡ ದಿನಪತ್ರಿಕೆಗಳಲ್ಲಿ ಸಿಗುತ್ತಿದ್ದದ್ದು ಮದುವೆ, ಅಡುಗೆ, ಸಮಾಜದ ಸುದ್ದಿಯ ಪುಟ. ಅದಕ್ಕಿಂತ ಸಿಮೆಂಟೇ ವಾಸಿ ಎಂದುಕೊಂಡಿರಬೇಕು.

1950ರಲ್ಲಿ ಆ ಕಚೇರಿಗೆ ಹೊಸಬಳೊಬ್ಬಳು ಕೆಲಸಕ್ಕೆ ಬಂದಳು. ಹೊಲಿಸಿದಂತೆ ಕೂತ ಸೂಟು, ಕೈಯಲ್ಲಿ ಬ್ರೀಫ್‌ಕೇಸು. ಬ್ರೀಫ್‌ಕೇಸ್ ಹಿಡಿದ ಹೆಂಗಸನ್ನು ತಾನು ಅದುವರೆಗೆ ಕಂಡೇ ಇರಲಿಲ್ಲ ಎಂದು ಫಿಲಿಸ್ ಮುಂದೆ ಎಷ್ಟೋ ಸಲ ಹೇಳಿಕೊಂಡರು. ಬಂದವರ ಹೆಸರು ಡೆಲ್ ಮಾರ್ಟಿನ್. ಒಂದು ಮದುವೆ ಮುರಿದು, ಮಗಳೊಬ್ಬಳ ತಾಯಿಯಾಗಿದ್ದವರು. ಸ್ವಾಗತಕ್ಕೆಂದು ಫಿಲಿಸ್ ತಮ್ಮ ಮನೆಯಲ್ಲಿ ಪಾರ್ಟಿ ಇಟ್ಟರೆ, ಅತಿಥಿ ಅಡುಗೆಮನೆ ಸೇರಿ ಗಂಡಸರ ಜೊತೆ ಚುಟ್ಟ ಸೇದುತ್ತಾ ಟೈ ಕಟ್ಟುವುದನ್ನು ಕಲಿಯುತ್ತಾ ಕಾಲ ಕಳೆದರಂತೆ. 1953ರ ಪ್ರೇಮಿಗಳ ದಿನ ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಸ್ಟ್ರೀಟಿನಲ್ಲಿ ಒಂದೇ ಮನೆ ಮಾಡಿದರು. ಎರಡು ವರ್ಷಕ್ಕೆ ಡಂಕನ್ ಸ್ಟ್ರೀಟಿನ ಏರಿನಲ್ಲಿ ಸಣ್ಣದೊಂದು ಮನೆಯನ್ನೇ ಕೊಂಡರು.

ಮನೆಯಿತ್ತು, ನಗರವಿತ್ತು. ಪರಿಚಯದ ಜನ ಇರಲಿಲ್ಲ. ತಮ್ಮಂಥವರು ಎಲ್ಲಿದ್ದಾರೆ ಎಂದು ಹುಡುಕಲು ಇದ್ದ ಜಾಗವೆಂದರೆ ಬಾರುಗಳು. ಬಾರಿಗೆ ಹೋದರೆ ಪೊಲೀಸರು. 1955ರಲ್ಲಿ ರೋಸ್ ಬ್ಯಾಂಬರ್ಗರ್ ಎಂಬ ಫಿಲಿಪಿನೋ ಹೆಂಗಸಿನಿಂದ ಒಂದು ಫೋನ್ ಕರೆ ಬಂತು: ಬಾರಿನ ಕಾಟವಿಲ್ಲದೆ, ಯಾರದಾದರೂ ಮನೆಯಲ್ಲಿ ಪರದೆ ಎಳೆದುಕೊಂಡು ನಾಲ್ಕು ಜನ ಕುಣಿಯಬಹುದಾದ ಗುಟ್ಟಿನ ಕೂಟವೊಂದನ್ನು ಕಟ್ಟೋಣವೇ? ಕೂಡಿದವರು ನಾಲ್ಕು ಜೋಡಿ, ಎಂಟು ಜನ. ಫ್ರೆಂಚ್ ಕವಿ ಪಿಯರ್ ಲೂಯಿಸನ ಕೃತಿಯಿಂದ ಒಂದು ಹೆಸರನ್ನು ಎರವಲು ಪಡೆದು ‘ಡಾಟರ್ಸ್ ಆಫ್ ಬಿಲಿಟಿಸ್’ ಎಂದು ಕರೆದುಕೊಂಡರು. ಹೊರಗಿನವರು ಕೇಳಿದರೆ ಗ್ರೀಕ್ ಕಾವ್ಯದ ಅಭ್ಯಾಸಮಂಡಳಿಯೆಂದು ಹೇಳಿ ಜಾರಿಕೊಳ್ಳಬಹುದಿತ್ತು.

ವರ್ಷ ತುಂಬುವುದರೊಳಗೆ ಕೂಟ ಒಡೆಯಿತು. ಗುಟ್ಟಾಗಿ ಕುಣಿದರೆ ಸಾಕೆಂದ ರೋಸ್ ಮತ್ತಿತರರು ಹೊರಟುಹೋದರು. ಇದನ್ನು ಓದುವಾಗ ನನ್ನ ಮನಸ್ಸು ಹೊರಟವರ ಕಡೆಗೇ ವಾಲುತ್ತದೆ. ಪೊಲೀಸ್ ಠಾಣೆಯಲ್ಲಿ ಹೆಸರು ಬಿದ್ದರೆ ದುಡಿಯುವ ಹೆಂಗಸಿನ ಅನ್ನವೇ ಹೋಗುತ್ತಿತ್ತು. ಅಧ್ಯಕ್ಷ ಐಸನ್‌ಹೋವರ್ 1953ರಲ್ಲಿ ಹೊರಡಿಸಿದ ಆದೇಶವೊಂದರ ಅಡಿಯಲ್ಲಿ ಸರ್ಕಾರಿ ನೌಕರಿಯಿಂದ ಸಲಿಂಗಿಗಳನ್ನು ಹುಡುಕಿ ಹುಡುಕಿ ತೆಗೆಯುತ್ತಿದ್ದ ಕಾಲ. ಅಂಥದ್ದರಲ್ಲಿ ಬಹಿರಂಗವಾಗಿ ಪತ್ರಿಕೆ ಮಾಡುತ್ತೇವೆಂದರೆ ಯಾರು ನಿಲ್ಲುತ್ತಾರೆ? ನಿಂತವರ ಪೈಕಿ ಒಬ್ಬರಿಗಾದರೂ ಪತ್ರಿಕೆ ಮಾಡಲು ಬರುತ್ತಿತ್ತು ಎಂಬುದು ಅದೃಷ್ಟ.

ಮೊದಲ ಸಂಚಿಕೆ ಹೊರಬೀಳುವ ಮುನ್ನವೇ, 1956ರ ಸೆಪ್ಟೆಂಬರಿನಲ್ಲಿ, ಅಲಾಮೋ ಕ್ಲಬ್ ಎಂಬ ಬಾರಿಗೆ ಪೊಲೀಸರು ನುಗ್ಗಿ 36 ಮಂದಿಯನ್ನು ಹಿಡಿದೊಯ್ದಿದ್ದರು. ಕಾನೂನು ಗೊತ್ತಿಲ್ಲದೆ, ಗಲಾಟೆ ಬೇಡವೆಂದು, ಹೆಚ್ಚಿನವರು ಮಾಡದ ತಪ್ಪನ್ನು ಒಪ್ಪಿಕೊಂಡು ಬಂದರು. ಚೀಕೋದಲ್ಲಿ ವರದಿಗಾರ್ತಿಯಾಗಿದ್ದ ಸಂಪಾದಕಿಗೆ ಇದರಲ್ಲಿ ಸುದ್ದಿ ಎಲ್ಲಿದೆಯೆಂದು ಹೇಳಿಕೊಡಬೇಕಿರಲಿಲ್ಲ. ದಾಳಿಯ ವಿವರದ ಜೊತೆಗೆ, ಬಂಧಿಸಿದರೆ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನೂ ಪತ್ರಿಕೆ ಬಿಡಿಸಿ ಹೇಳಿತು.

ಆದರೆ ಓದುಗರ ಹೆದರಿಕೆ ಬಾರಿನದಷ್ಟೇ ಆಗಿರಲಿಲ್ಲ, ಪತ್ರಿಕೆಯದೂ ಆಗಿತ್ತು. ಚಂದಾ ಕಟ್ಟಬೇಕಾದರೆ ಹೆಸರು, ವಿಳಾಸ ಕೊಡಬೇಕು. ಆ ಪಟ್ಟಿ ಯಾರ ಕೈಗೆ ಬೀಳುತ್ತದೋ! ಎರಡನೆಯ ಸಂಚಿಕೆಯಲ್ಲಿ ಫಿಲಿಸ್ ಈ ಭಯಕ್ಕೇ ಉತ್ತರ ಬರೆದರು: ನಿಮ್ಮ ಹೆಸರು ನಮ್ಮಲ್ಲಿ ಭದ್ರ. ಆಧಾರಕ್ಕೆ ತಂದದ್ದು 1953ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು. ರೂಮ್ಲಿ ಎಂಬ ಪ್ರಕಾಶಕನನ್ನು ಸಂಸತ್ತಿನ ಸಮಿತಿಯೊಂದು ಕರೆಸಿ, ನಿನ್ನ ಪುಸ್ತಕಗಳನ್ನು ಸಗಟಾಗಿ ಕೊಂಡವರು ಯಾರೆಂದು ಕೇಳಿತ್ತು. ಆತ ಹೇಳಲಿಲ್ಲ. ಕೋರ್ಟು ಅವನ ಪರವಾಗಿ ನಿಂತಿತು. ತಮಾಷೆಯೆಂದರೆ ಈ ರೂಮ್ಲಿ ಕಟ್ಟಾ ಬಲಪಂಥೀಯ. ತನ್ನ ಮೊಕದ್ದಮೆ ಯಾರ ರಕ್ಷಣೆಗೆ ಬಂದಿದೆಯೆಂದು ತಿಳಿದಿದ್ದರೆ ಹೌಹಾರುತ್ತಿದ್ದನೇನೋ.

ಆ ಲೇಖನಕ್ಕೂ ಸಹಿ ಆನ್ ಫರ್ಗ್ಯುಸನ್‌ದೇ. ಹೆದರಬೇಡಿ, ನಿಮ್ಮ ನಿಜನಾಮ ಕೊಡಿ ಎಂದು ಸುಳ್ಳು ಹೆಸರಿನಲ್ಲಿ ಓದುಗರಿಗೆ ಧೈರ್ಯ ಹೇಳುವುದು! ಇದರ ಅಸಂಗತತೆ ಫಿಲಿಸ್‌ಗೆ ಚುಚ್ಚತೊಡಗಿತು. 1957ರ ಜನವರಿ ಸಂಚಿಕೆಯಲ್ಲಿ ಆನ್ ಫರ್ಗ್ಯುಸನ್ ಸತ್ತಳೆಂಬ ಸುದ್ದಿ ಬಂತು. ಪತ್ತೇದಾರಿ ಕಥೆಯ ಧಾಟಿಯಲ್ಲಿ ಸಂಪಾದಕಿಯೇ ತಪ್ಪೊಪ್ಪಿಗೆ ಬರೆದಿದ್ದರು: ಬೇಕೆಂದೇ, ಯೋಚಿಸಿಯೇ, ನಾನೇ ಕೊಂದೆ. ಅಡಿಯಲ್ಲಿ ಫಿಲಿಸ್ ಲಯಾನ್ ಎಂಬ ಸಹಿ. ಗುಪ್ತನಾಮಗಳಿಂದಲೇ ತುಂಬಿದ್ದ ಪತ್ರಿಕೆಯಲ್ಲಿ ಒಂದು ಹೆಸರು ಮಾತ್ರ ಜನನ ಪ್ರಮಾಣಪತ್ರದಲ್ಲಿದ್ದಂತೆಯೇ ಅಚ್ಚಾಯಿತು.

ಆ ಸಹಿ ಎಷ್ಟು ದೂರ ನಡೆಯಿತೆಂಬುದನ್ನು ಇಲ್ಲೇ ಹೇಳಿಬಿಡಬಹುದು. 2004ರ ಫೆಬ್ರವರಿ 12ರಂದು ಸ್ಯಾನ್ ಫ್ರಾನ್ಸಿಸ್ಕೋದ ಮೇಯರ್ ಗ್ಯಾವಿನ್ ನ್ಯೂಸಮ್ ಸಲಿಂಗಿ ಜೋಡಿಗಳಿಗೆ ಮದುವೆಯ ಪರವಾನಗಿ ಕೊಡಿಸಲು ನಿಶ್ಚಯಿಸಿದಾಗ, ಮೊದಲು ಸಿಟಿ ಹಾಲಿಗೆ ಕರೆಸಿದ್ದು ಫಿಲಿಸ್ ಮತ್ತು ಡೆಲ್ ಅವರನ್ನು. ಅರ್ಜಿಯ ನಮೂನೆಯಲ್ಲಿ ವಧು, ವರ ಎಂಬ ಖಾನೆಗಳನ್ನು ತೆಗೆದು ಒಂದನೇ ಅರ್ಜಿದಾರರು, ಎರಡನೇ ಅರ್ಜಿದಾರರು ಎಂದು ತಿದ್ದಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಮದುವೆಗಳನ್ನೆಲ್ಲ ಅನೂರ್ಜಿತವೆಂದಿತು. 2008ರ ಜೂನ್ 16ರಂದು ಕಾನೂನಿನ ಒಪ್ಪಿಗೆಯೊಡನೆ ಮತ್ತೊಮ್ಮೆ ಮದುವೆಯಾದರು, 2004ರಲ್ಲಿ ತೊಟ್ಟ ಪ್ಯಾಂಟ್‌ಸೂಟುಗಳನ್ನೇ ತೊಟ್ಟು. ಹನ್ನೊಂದು ವಾರ ಕಳೆಯುವುದರೊಳಗೆ ಡೆಲ್ ತೀರಿಕೊಂಡರು. ಫಿಲಿಸ್ 2020ರ ಏಪ್ರಿಲ್‌ವರೆಗೆ, 95 ವರ್ಷ ಬಾಳಿದರು. ಇವತ್ತು ಅವರ ಹೆಸರು ಕೇಳಿದವರಿಗೆ ನೆನಪಾಗುವುದು ಆ ಮದುವೆಯ ಫೋಟೋಗಳೇ. ನನಗೆ ಅವುಗಳಿಗಿಂತ ಸೈಕ್ಲೋಸ್ಟೈಲ್ ಮಸಿಯ ವರ್ಷಗಳೇ ಹೆಚ್ಚು ದೊಡ್ಡವಾಗಿ ಕಾಣುತ್ತವೆ.

ಪತ್ರಿಕೆಯೇನೂ ಕ್ರಾಂತಿಯ ಕಹಳೆಯಾಗಿರಲಿಲ್ಲ. ಹಳೆಯ ಸಂಚಿಕೆಗಳನ್ನು ಇಂದಿನ ಕಣ್ಣಲ್ಲಿ ಓದಿದರೆ ಕಸಿವಿಸಿಯಾಗುತ್ತದೆ. ಡಾಟರ್ಸ್ ಆಫ್ ಬಿಲಿಟಿಸ್ ಸಂಘದ ಧ್ಯೇಯೋದ್ದೇಶಗಳಲ್ಲಿ ಒಂದು, ಸಮಾಜ ಒಪ್ಪುವಂಥ ನಡೆ ಮತ್ತು ಉಡುಪನ್ನು ಸದಸ್ಯೆಯರು ರೂಢಿಸಿಕೊಳ್ಳಬೇಕೆಂಬುದು. ಅಂದರೆ ಪ್ಯಾಂಟು ಬಿಟ್ಟು ಲಂಗ ತೊಡಿ ಎಂದೇ ಅರ್ಥ. ಟೈ ಕಟ್ಟುವುದನ್ನು ಕಲಿತ ಡೆಲ್ ಇದ್ದ ಸಂಘದ ಉಪದೇಶ ಇದು! ಮನೋವೈದ್ಯರ ಉಪನ್ಯಾಸಗಳೂ ಪುಟಗಟ್ಟಲೆ ಬರುತ್ತಿದ್ದವು. ಇವರನ್ನು ರೋಗಿಗಳೆಂದು ಕರೆದವರಿಗೂ ಅಲ್ಲಿ ಜಾಗವಿತ್ತು.

ಉಡುಪಿನ ಈ ಹಟ ಒಮ್ಮೆ ಕೈಹಿಡಿದದ್ದೂ ಉಂಟು. 1960ರ ಮೇ ತಿಂಗಳಲ್ಲಿ ಸಂಘ ತನ್ನ ಮೊದಲ ರಾಷ್ಟ್ರೀಯ ಸಮಾವೇಶವನ್ನು ಹೋಟೆಲ್ ವಿಟ್‌ಕಂಬ್‌ನಲ್ಲಿ ನಡೆಸಿದಾಗ ಪೊಲೀಸರು ಬಂದು, ಒಳಗಿರುವ ಹೆಂಗಸರು ಗಂಡಸರ ಬಟ್ಟೆ ತೊಟ್ಟಿದ್ದಾರೆಯೇ ಎಂದು ವಿಚಾರಿಸಿದರು. ಡೆಲ್ ಆ ಪೊಲೀಸರನ್ನು ನೇರ ಒಳಕ್ಕೆ ಕರೆದೊಯ್ದು ತೋರಿಸಿದರು. ಸುಮಾರು ಇನ್ನೂರು ಮಂದಿ, ಎಲ್ಲರೂ ಉದ್ದುಡುಪು, ಕಾಲುಚೀಲ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ.

ಓದುಗರು ಪತ್ರಿಕೆಗಿಂತ ಮುಂದಿದ್ದರು ಎಂಬುದಕ್ಕೆ ಪತ್ರಗಳ ಅಂಕಣವೇ ಸಾಕ್ಷಿ. 1957ರಲ್ಲಿ ನ್ಯೂಯಾರ್ಕಿನಿಂದ ಎರಡು ದೀರ್ಘ ಪತ್ರ ಬಂದವು. ಅಡಿಯಲ್ಲಿ ಬರೀ ಇನಿಷಿಯಲ್ಲುಗಳು. ಬರೆದಾಕೆ ತನ್ನನ್ನು ಕಪ್ಪು ಹೆಂಗಸೆಂದು ಹೇಳಿಕೊಂಡಿದ್ದಳು. ನೀಟಾಗಿರಿ, ಗಲಾಟೆ ಮಾಡಬೇಡಿ ಎಂಬ ಉಪದೇಶ ತನ್ನ ಜನರಿಗೂ ಹೊಸದಲ್ಲವೆಂದೂ, ಅದರಿಂದ ಕಷ್ಟ ತೀರದಿದ್ದರೂ ಅದರ ಹಿಂದಿನ ಲೆಕ್ಕಾಚಾರ ತನಗೆ ಅರ್ಥವಾಗುತ್ತದೆಂದೂ ವಿವೇಚಿಸಿದ್ದಳು. ಮದುವೆಯ ಬಂಧನದಲ್ಲಿರುವ ಸಲಿಂಗಿ ಹೆಂಗಸರ ಕುರಿತೂ ಅಷ್ಟೇ ಹರಿತವಾಗಿ ಬರೆದಿದ್ದಳು. ಆಕೆ ಲೊರೇನ್ ಹ್ಯಾನ್ಸ್‌ಬೆರಿ. ಎರಡು ವರ್ಷದ ನಂತರ ‘ಎ ರೈಸಿನ್ ಇನ್ ದಿ ಸನ್’ ನಾಟಕದಿಂದ, ಬ್ರಾಡ್‌ವೇ ರಂಗವೇರಿದ ಮೊದಲ ಕಪ್ಪು ನಾಟಕಕಾರ್ತಿಯೆಂದು ಜಗತ್ತೇ ಆಕೆಯ ಹೆಸರು ಹೇಳಿತು. ಇನಿಷಿಯಲ್ಲುಗಳ ಹಿಂದಿನ ಹೆಸರು ಓದುಗರಿಗೆ ತಿಳಿದದ್ದು ಆಕೆ ತೀರಿಕೊಂಡ ಮೇಲೆ.

ಇಂಥ ಪತ್ರಗಳನ್ನು ಅಚ್ಚಿಗೆ ಸಿದ್ಧಮಾಡುವ ಕೆಲಸ ಎಲ್ಲ ಸಂಪಾದಕರೂ ಮಾಡುವಂಥದ್ದೇ, ಆದರೆ ಇಲ್ಲಿ ಇನ್ನೊಂದು ಹೊಣೆ ಸೇರಿತ್ತು. ಊರಿನ ಹೆಸರು ಹಾಗೇ ಉಳಿಸಿದರೆ ಗುರುತು ಸಿಗುವುದೇ? ಉದ್ಯೋಗ ಹೇಳಬಹುದೇ? ಎಷ್ಟು ಕತ್ತರಿಸಿದರೆ ಬರೆದವರಿಗೆ ಕ್ಷೇಮ, ಎಷ್ಟು ಉಳಿಸಿದರೆ ಓದುವವರಿಗೆ ಅದು ನಿಜವಾದ ಬದುಕೆನಿಸುತ್ತದೆ? ಇವೆಲ್ಲ ಸಂಬಳವಿಲ್ಲದ ಕೆಲಸ. ಹೊಟ್ಟೆಪಾಡಿಗೆ ಇಬ್ಬರಿಗೂ ಹಗಲು ಬೇರೆ ನೌಕರಿ. 1959ರಲ್ಲಿ ಓದುಗರಿಂದಲೇ ಪ್ರಶ್ನಾವಳಿ ತುಂಬಿಸಿ 157 ಹೆಂಗಸರ ಶಿಕ್ಷಣ, ಸಂಪಾದನೆ, ಸಂಸಾರಗಳ ವಿವರವನ್ನು ಪತ್ರಿಕೆ ಪ್ರಕಟಿಸಿತು. ಜೈಲಿನಲ್ಲೋ ಆಸ್ಪತ್ರೆಯಲ್ಲೋ ಸಿಕ್ಕವರನ್ನಷ್ಟೇ ಹಿಡಿದು ಇವರೆಲ್ಲ ಹೀಗೇ ಎನ್ನುತ್ತಿದ್ದ ಪಂಡಿತರಿಗೆ, ಮನೆಯಲ್ಲಿ ನೆಟ್ಟಗೆ ಕೂತವರ ಲೆಕ್ಕ ಮೊದಲ ಸಲ ಸಿಕ್ಕಿತು.

ಅದೇ ವರ್ಷದ ಮೇಯರ್ ಚುನಾವಣೆಯಲ್ಲಿ ರಸೆಲ್ ವೋಲ್ಡನ್ ಎಂಬ ಅಭ್ಯರ್ಥಿ, ಅಧಿಕಾರದಲ್ಲಿದ್ದ ಜಾರ್ಜ್ ಕ್ರಿಸ್ಟೋಫರ್ ನಗರವನ್ನು ಸಲಿಂಗಿಗಳ ಬೀಡಾಗಿಸಿದ್ದಾರೆಂದು ಆರೋಪಿಸಿದ. ಸಂಘಟನೆಗಳ ಹೆಸರು ಬೀದಿಗೆ ಬಂತು. ಫಿಲಿಸ್ ಮತ್ತು ಗೆಳತಿಯರು ಮೊದಲು ಮಾಡಿದ ಕೆಲಸ ಪತ್ರಿಕಾ ಹೇಳಿಕೆ ಬರೆಯುವುದಲ್ಲ. ಹೆಸರು-ವಿಳಾಸಗಳ ಪಟ್ಟಿಯನ್ನು ಕಚೇರಿಯಿಂದ ಹೊರಗೆ ಸಾಗಿಸಿದರು. ವೋಲ್ಡನ್ ಸೋತ, ಪಟ್ಟಿ ವಾಪಸು ಬಂತು. ಇಷ್ಟೆಲ್ಲ ಜೋಪಾನ ಮಾಡುತ್ತಿದ್ದಾಗಲೇ ಎಫ್‌ಬಿಐ ತನ್ನ ಮಾಹಿತಿದಾರರನ್ನು ಸಂಘದೊಳಕ್ಕೇ ಬಿಟ್ಟು ಕಡತ ತೆರೆದಿತ್ತೆಂಬುದು ಆಮೇಲೆ ಬಯಲಾಯಿತು.

1960ರಲ್ಲಿ ಫಿಲಿಸ್ ಸಂಪಾದಕತ್ವವನ್ನು ಡೆಲ್‌ಗೆ ಬಿಟ್ಟುಕೊಟ್ಟರು. 1963ರಿಂದ ಅದು ಬಾರ್ಬರಾ ಗಿಟಿಂಗ್ಸ್ ಕೈಗೆ ಬಂತು. ಫಿಲಡೆಲ್ಫಿಯಾದಲ್ಲಿದ್ದ ಬಾರ್ಬರಾಗೆ ಮನೋವೈದ್ಯರ ಬಗ್ಗೆ ಫಿಲಿಸ್‌ಗಿದ್ದ ತಾಳ್ಮೆ ಇರಲಿಲ್ಲ. ನಾವು ರೋಗಿಗಳಲ್ಲ, ನಮ್ಮ ಬಗ್ಗೆ ನಾವೇ ಪ್ರಮಾಣ ಎಂಬ ವಾದಕ್ಕೆ ಪುಟ ಕೊಟ್ಟರು. ಮುಖಪುಟದ ಮೇಲೆ ‘ಎ ಲೆಸ್ಬಿಯನ್ ರಿವ್ಯೂ’ ಎಂಬ ಅಡಿಬರಹ ಬಂತು. ರೇಖಾಚಿತ್ರಗಳ ಬದಲು ಫೋಟೋ ಹಾಕಬೇಕೆಂದು ಆಕೆಯ ಸಂಗಾತಿ, ಛಾಯಾಗ್ರಾಹಕಿ ಕೇ ಲಹ್ಯೂಸನ್ ಪಟ್ಟುಹಿಡಿದರು. ಫೋಟೋ ತೆಗೆಯಲು ಸಿದ್ಧ, ಕೊಡುವ ಮುಖ ಎಲ್ಲಿದೆ? ಶುರುವಿನಲ್ಲಿ ಸಿಕ್ಕಿದ್ದು ಬೆನ್ನು, ಓರೆನೋಟ, ಕಪ್ಪು ಕನ್ನಡಕ. 1964ರ ನವೆಂಬರಿನಲ್ಲಿ ಮುಖಪುಟದಲ್ಲಿ ಮುಖ ತೋರಿಸಿದಾಕೆ ಇಂಡೋನೇಷ್ಯಾದಲ್ಲಿದ್ದ ಓದುಗಾರ್ತಿ, ಗೆರ್ ವಾನ್ ಬ್ರಾಮ್. ಅಮೆರಿಕದಲ್ಲಿದ್ದವರ ಭಯ ಎಷ್ಟಿತ್ತೆಂದರೆ ಧೈರ್ಯವನ್ನು ಸಾಗರದಾಚೆಯಿಂದ ತರಿಸಬೇಕಾಯಿತು. 1966ರ ಜನವರಿಯಲ್ಲಿ ಲಿಲಿ ವಿನ್ಸೆಂಜ್ ನಗುತ್ತಾ ಕ್ಯಾಮೆರಾವನ್ನೇ ನೇರ ನೋಡಿದರು. ಅದೇ ಜೂನಿನಲ್ಲಿ ಅರ್ನೆಸ್ಟೀನ್ ಎಕ್‌ಸ್ಟೀನ್ ಎಂಬ ಕಪ್ಪು ಹೋರಾಟಗಾರ್ತಿ. ಅದೇ ವರ್ಷ ಬಾರ್ಬರಾರನ್ನು ಸಂಘ ಸಂಪಾದಕತ್ವದಿಂದ ಇಳಿಸಿತು. ಸಂಚಿಕೆಗಳು ತಡವಾಗುತ್ತಿದ್ದವು ಎಂಬುದು ನಿಜ, ಬೀದಿಗಿಳಿದು ಪಿಕೆಟಿಂಗ್ ಮಾಡುವುದನ್ನು ಆಕೆ ಎತ್ತಿಹಿಡಿದದ್ದು ಸಂಘಕ್ಕೆ ಹಿಡಿಸಲಿಲ್ಲವೆಂಬುದೂ ನಿಜ.

ಫಿಲಿಸ್ ಅಷ್ಟರಲ್ಲಿ ಪಾದ್ರಿಗಳ ಜೊತೆ ಕೆಲಸಕ್ಕಿಳಿದಿದ್ದರು. 1972ರಲ್ಲಿ ಡೆಲ್ ಜೊತೆ ಸೇರಿ ‘ಲೆಸ್ಬಿಯನ್/ವುಮನ್’ ಪುಸ್ತಕ ಬರೆದರು. ಅದಕ್ಕೆ ಎರಡು ವರ್ಷ ಮೊದಲು ಪತ್ರಿಕೆಯ ವಿಷಯದಲ್ಲಿ ನಡೆದದ್ದು ಮಾತ್ರ ಅವರಿಗೆ ಜೀರ್ಣವಾಗಲೇ ಇಲ್ಲ.

1968ರಿಂದ ಸಂಪಾದಕಿಯಾಗಿದ್ದವರು ಕ್ಯಾನ್ಸಸ್ ಸಿಟಿಯ ಬಾರ್ಬರಾ ಗ್ರಿಯರ್, ಜೀನ್ ಡೇಮನ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಪುಸ್ತಕ ವಿಮರ್ಶೆಯ ಅಂಕಣ ಬರೆದವರು. ಪ್ರಸಾರ ಏರುತ್ತಿತ್ತು, ಆದರೆ ಸಂಘ ಒಳಗೊಳಗೇ ಕುಸಿಯುತ್ತಿತ್ತು. ಸಂಘ ಮುಳುಗಿದರೆ ಪತ್ರಿಕೆಯೂ ಮುಳುಗುತ್ತದೆಂದು ಗ್ರಿಯರ್ ಮತ್ತು ಸಂಘದ ಅಂದಿನ ಅಧ್ಯಕ್ಷೆ ರೀಟಾ ಲಪೋರ್ಟ್ ಲೆಕ್ಕ ಹಾಕಿದರು. 1970ರಲ್ಲಿ ಸುಮಾರು 3,800 ಚಂದಾದಾರರ ವಿಳಾಸಪಟ್ಟಿಯನ್ನು ರೀಟಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಎತ್ತಿಕೊಂಡು ಪಕ್ಕದ ನೆವಾಡಾ ರಾಜ್ಯಕ್ಕೆ ಒಯ್ದರು. ಸಂಘಕ್ಕೆ ತಿಳಿದದ್ದು ಆಮೇಲೆ. ಅಲ್ಲಿಂದ ಎರಡು ವರ್ಷ ‘ದಿ ಲ್ಯಾಡರ್’ ಸ್ತ್ರೀವಾದಿ ಪತ್ರಿಕೆಯಾಗಿ, ಹಿಂದೆಂದಿಗಿಂತ ದಪ್ಪವಾಗಿ, ನನ್ನ ದೃಷ್ಟಿಯಲ್ಲಿ ಹಿಂದೆಂದಿಗಿಂತ ಚೆನ್ನಾಗಿಯೂ ಬಂತು. 1972ರಲ್ಲಿ ದುಡ್ಡಿಲ್ಲದೆ ನಿಂತಿತು. ಮರುವರ್ಷ ಗ್ರಿಯರ್ ಮತ್ತು ಸಂಗಾತಿಗಳು ಕಟ್ಟಿದ ನಾಯಡ್ ಪ್ರೆಸ್ ಲೆಸ್ಬಿಯನ್ ಸಾಹಿತ್ಯದ ಬಲು ದೊಡ್ಡ ಪ್ರಕಾಶನವಾಗಿ ಬೆಳೆಯಿತು. ಅದರ ಮೊದಲ ಪುಸ್ತಕದ ಜಾಹೀರಾತು ಹೋದದ್ದೂ ಆ ಪಟ್ಟಿಯಲ್ಲಿದ್ದ ವಿಳಾಸಗಳಿಗೇ.

ಗ್ರಿಯರ್ ಇದನ್ನು ರಕ್ಷಣೆ ಎಂದರು. ಫಿಲಿಸ್ ಮತ್ತು ಡೆಲ್ ಕಳವು ಎಂದರು. ಪತ್ರಿಕೆ ಉಳಿದದ್ದನ್ನು, ಅದರ ಬೆನ್ನಿಗೆ ಅಷ್ಟೊಂದು ಪುಸ್ತಕಗಳು ಬಂದದ್ದನ್ನು ನೋಡಿ ಗ್ರಿಯರ್ ಪರ ವಾದಿಸುವ ಇತಿಹಾಸಕಾರರಿದ್ದಾರೆ. ನಾನು ಫಿಲಿಸ್ ಪರ. ಲೇಖನಗಳು, ಮುಖಪುಟ, ಪತ್ರಿಕೆಯ ಹೆಸರು, ಬೇಕಾದರೆ ಟೈಪ್‌ರೈಟರು ಕೂಡ ಒಯ್ಯಬಹುದಿತ್ತು. ಆ 3,800 ಹೆಸರುಗಳನ್ನು ಅವರವರು ನಂಬಿ ಕೊಟ್ಟದ್ದು ಮಿಷನ್ ಸ್ಟ್ರೀಟಿನಲ್ಲಿ ಭರವಸೆ ಕೊಟ್ಟ ಸಂಘಕ್ಕೆ. ಪಟ್ಟಿ ಬೇರೆಯವರ ಕೈಗೆ ಹೋಗುತ್ತಿದೆ, ನಿಮಗೆ ಒಪ್ಪಿಗೆಯೇ ಎಂದು ಅವರಲ್ಲಿ ಒಬ್ಬರನ್ನೂ ಯಾರೂ ಕೇಳಲಿಲ್ಲ.